ದಿನಕ್ಕೆ 200 ರೊಟ್ಟಿ ಬಡಿಯುವ ಕೈ: ಕೊಪ್ಪಳದ ಒಂದು ಟೆನಿಸ್ ಎಲ್ಬೋ ಪ್ರಕರಣ

"ಚಾದ ಕಪ್ ಎತ್ತಾಕ ಬರವಲ್ದ್ರೀ ಮೇಡಂ. ರೊಟ್ಟಿ ಬಡಿಯಾಕ ಹೆಂಗೋ ಬರತೈತಿ."

ಮೊದಲ ದಿನ ಕುರ್ಚಿಯಲ್ಲಿ ಕೂರುವ ಮುಂಚೆಯೇ ಅಕ್ಕ ಹೇಳಿದ ಮಾತಿದು. ಕೇಸ್ ಶೀಟಿನಲ್ಲಿ ಹಾಗೇ ಬರೆದುಕೊಂಡೆ. ಅದರ ಅರ್ಥ ನನಗೆ ಹೊಳೆದದ್ದು ಆರು ವಾರಗಳ ಮೇಲೆ, ಅವರ ಮನೆಯ ಒಲೆಯ ಮುಂದೆ ಕೂತಾಗ.

ಅವರ ಹೆಸರು, ಓಣಿ, ಅವರು ರೊಟ್ಟಿ ಕೊಡುವ ಖಾನಾವಳಿಗಳು ಯಾವುದನ್ನೂ ಇಲ್ಲಿ ಬರೆದಿಲ್ಲ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ, ಇಲ್ಲಿಯೂ ಹಾಗೇ ಕರೆಯುತ್ತೇನೆ.

ಹಿನ್ನೆಲೆ

ಅಕ್ಕನಿಗೆ 44 ವರ್ಷ. ಎಲ್ಲ ಕೆಲಸಕ್ಕೂ ಬಲಗೈಯೇ ಮುಂದು. ಕೊಪ್ಪಳ ಪೇಟೆಯ ತಮ್ಮ ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಎರಡು ಖಾನಾವಳಿಗಳಿಗೆ ಕೊಡುತ್ತಾರೆ. ಮದುವೆ, ಕುಬುಸ, ಮನೆ ಒಕ್ಕಲಿನ ಆರ್ಡರ್‌ಗಳು ಬೇರೆ. ದಿನಕ್ಕೆ 180ರಿಂದ 200 ರೊಟ್ಟಿ; ಲಗ್ನದ ಹಂಗಾಮಿನಲ್ಲಿ 300 ದಾಟುತ್ತದೆ. ರೊಟ್ಟಿಗಿಷ್ಟು ಅಂತ ಲೆಕ್ಕ, ಬಡಿಯದ ದಿನ ದುಡ್ಡಿಲ್ಲ. ವಾರ ಬಂತೆಂದರೆ ಸಂಘದ ಸಾಲದ ಕಂತು ಕಟ್ಟಬೇಕು. ಮನೆಯಲ್ಲಿ ಹಮಾಲಿ ಕೆಲಸದ ಗಂಡ, ಮಗ, ಆ ವರ್ಷವೇ ಬಂದ ಸೊಸೆ.

ಬಲ ಮೊಣಕೈಯ ಹೊರಮಗ್ಗುಲಿನಲ್ಲಿ ನೋವು ಕಾಣಿಸಿದ್ದು ಫೆಬ್ರವರಿಯ ಮದುವೆಗಳು ಮುಗಿದ ಮೇಲೆ. ಮಾತ್ರೆ ನುಂಗಿದರು, ಮುಲಾಮು ಹಚ್ಚಿದರು, ಎಣ್ಣೆ ತಿಕ್ಕಿಸಿದರು. ಏಪ್ರಿಲ್‌ನಲ್ಲಿ ಒಂದು ಆಸ್ಪತ್ರೆಯಲ್ಲಿ ಸ್ಟೀರಾಯ್ಡ್ ಇಂಜೆಕ್ಷನ್ ಆಯಿತು. "ಮಂತ್ರ ಹಾಕಿದಂಗ ಆತ್ರೀ" ಎಂದರು ಅಕ್ಕ. ಮೂರು ದಿನಕ್ಕೆ ನೋವು ಇಳಿಯಿತು. ಮೇ ತಿಂಗಳಲ್ಲಿ ಒಂದೇ ಮದುವೆಗೆ ಎರಡು ದಿನದಲ್ಲಿ 600 ರೊಟ್ಟಿ ಬಡಿದರು. ಜೂನ್‌ನಲ್ಲಿ ನೋವು ತಿರುಗಿ ಬಂತು, ಮೊದಲಿಗಿಂತ ಜೋರಾಗಿ. ಎರಡನೇ ಇಂಜೆಕ್ಷನ್‌ನ ಸುಖ ಮೂರೇ ವಾರ ಉಳಿಯಿತು.

ಸೆಪ್ಟೆಂಬರ್ ನಡುವಿನಲ್ಲಿ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬಂದಾಗ ಸೂಜಿ ಚುಚ್ಚಿದ ಜಾಗದ ಚರ್ಮ ಎರಡು ಬೆರಳಗಲ ಬಿಳಿಚಿತ್ತು. ತೊನ್ನು ಹತ್ತಿತೇನೋ ಎಂಬ ಭಯ ಅಕ್ಕನಿಗೆ ಕೈನೋವಿಗಿಂತ ದೊಡ್ಡದಾಗಿತ್ತು. ಸ್ಟೀರಾಯ್ಡ್ ಚರ್ಮದ ಹತ್ತಿರ ಉಳಿದಾಗ ಹೀಗೆ ಬಣ್ಣ ಕಳೆಯುವುದುಂಟು, ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಮರಳುತ್ತದೆ ಎಂದು ಹೇಳಿದ ಮೇಲೆಯೇ ಅವರು ಮೊಣಕೈ ಮುಟ್ಟಲು ಬಿಟ್ಟರು.

ಪರೀಕ್ಷೆಯಲ್ಲಿ ಕಂಡದ್ದು

ಮೊಣಕೈಯ ಹೊರಗಡೆ ಕೈಗೆ ತಾಗುವ ಎಲುಬಿನ ಗುಬ್ಬಿಯಿಂದ ಮಣಿಕಟ್ಟನ್ನು ಹಿಂದಕ್ಕೆ ಎತ್ತುವ ಸ್ನಾಯುಗಳು ಹೊರಡುತ್ತವೆ. ಅವುಗಳಲ್ಲಿ ಎಕ್ಸ್‌ಟೆನ್ಸರ್ ಕಾರ್ಪೈ ರೇಡಿಯಾಲಿಸ್ ಬ್ರೆವಿಸ್ ಎಂಬುದರ ಬುಡದ ರಜ್ಜು, ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಗಟ್ಟಿ ನಾರು, ಹಾಳಾಗುವುದೇ ಟೆನಿಸ್ ಎಲ್ಬೋದಲ್ಲಿ ಹೆಚ್ಚಾಗಿ ಕಾಣುವುದು. ಗುಬ್ಬಿಯ ಮೇಲೆ ಬೆರಳಿಟ್ಟರೆ ಅಕ್ಕ ಕೈ ಎಳೆದುಕೊಂಡರು. ಮುಷ್ಟಿ ಕಟ್ಟಿ ಮಣಿಕಟ್ಟು ಎತ್ತಿಸಿ ನಾನು ಒತ್ತಿದಾಗ ನೋವು; ನಡುಬೆರಳನ್ನು ಒತ್ತಿದಾಗಲೂ ನೋವು. ಟೆನಿಸ್ ಎಲ್ಬೋ ಗುರುತಿಸುವ ಈ ಕೋಜನ್ ಮತ್ತು ಮಾಡ್ಸ್ಲಿ ಪರೀಕ್ಷೆಗಳೆರಡೂ ಪಾಸಿಟಿವ್.

ಇಷ್ಟಕ್ಕೇ ನಿಲ್ಲಿಸಬಾರದು. ಕುತ್ತಿಗೆಯಿಂದ ಬರುವ ನೋವು ಮೊಣಕೈಯಲ್ಲಿ ಬಂದು ಕೂರುತ್ತದೆ, ಆದ್ದರಿಂದ ಕುತ್ತಿಗೆಯ ಚಲನೆ, ಕೈಯ ಸ್ಪರ್ಶಜ್ಞಾನ, ರಿಫ್ಲೆಕ್ಸ್‌ಗಳನ್ನು ನೋಡಿದೆ, ಎಲ್ಲ ಸರಿಯಿತ್ತು. ಗುಬ್ಬಿಯಿಂದ ಮೂರು ನಾಲ್ಕು ಸೆಂಟಿಮೀಟರ್ ಕೆಳಗೆ, ರೇಡಿಯಲ್ ನರ ಹಾಯುವ ಜಾಗದಲ್ಲಿ ಒತ್ತಿದರೆ ಅಷ್ಟೇನೂ ನೋವಿರಲಿಲ್ಲ. ಮೊಣಕೈ ಪೂರ್ತಿ ಮಡಚುತ್ತಿತ್ತು, ಪೂರ್ತಿ ಚಾಚುತ್ತಿತ್ತು. ಎರಡು ಸ್ಟೀರಾಯ್ಡ್ ಆಗಿದ್ದರಿಂದ ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿದೆವು, ನಾರ್ಮಲ್ ಬಂತು.

ನೋವು ಶುರುವಾಗುವವರೆಗೆ ಎಷ್ಟು ಬಿಗಿಯಾಗಿ ಹಿಡಿಯಬಲ್ಲರು ಎಂಬುದನ್ನು ಡೈನಮೋಮೀಟರಿನಲ್ಲಿ ಅಳೆದೆ. ಎಡಗೈ 25 ಕಿಲೋ, ಬಲಗೈ 8 ಕಿಲೋ. ಟೆನಿಸ್ ಎಲ್ಬೋದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನಂಬುವ ಅಳತೆ ಇದು. ನೋವು ಮತ್ತು ದಿನಗೆಲಸದ ತೊಂದರೆ ಎರಡನ್ನೂ 100ಕ್ಕೆ ಲೆಕ್ಕ ಹಾಕುವ ಪಿಆರ್‌ಟಿಇಇ ಪ್ರಶ್ನಾವಳಿಯಲ್ಲಿ 64 ಬಂತು.

"ನಮ್ಮವ್ವ ಯಾವಾಗ ಟೆನಿಸ್ ಆಡಿದ್ಳ್ರೀ?" ಎಂದು ಮಗ ಕೇಳಿದ. ಈ ಪ್ರಶ್ನೆಗೆ ನಾನು ಯಾವತ್ತೂ ಸಾವಧಾನವಾಗಿ ಉತ್ತರ ಕೊಡುತ್ತೇನೆ, ಯಾಕೆಂದರೆ ಹೆಸರು ಕೇಳಿ ಇದು ತಮ್ಮ ಜಡ್ಡಲ್ಲ ಎಂದುಕೊಳ್ಳುವವರು ಬಹಳ. 1873ರಲ್ಲಿ ಜರ್ಮನಿಯ ರುಂಗೆ ಎಂಬ ವೈದ್ಯ ಇದನ್ನು ವರ್ಣಿಸಿದ್ದು ಬರೆಯುವವರ ಕೈಯಲ್ಲಿ. ಟೆನಿಸ್ ಹೆಸರು ಅಂಟಿದ್ದು ಅದಾದ ಸುಮಾರು 10 ವರ್ಷಕ್ಕೆ. ಇದು ಹೆಚ್ಚಾಗಿ 35ರಿಂದ 55ರ ವಯಸ್ಸಿನಲ್ಲಿ, ಕೈಯಿಂದ ದುಡಿಯುವವರಲ್ಲಿ ಕಾಣುವ ತೊಂದರೆ.

ಮೊದಲ ಸುತ್ತು

ಇಲ್ಲಿ ನಾನು ತಪ್ಪಿದೆ. ಎರಡು ವಾರ ರೊಟ್ಟಿ ಬಿಡಿ ಎಂದೆ. ಕ್ಲಿನಿಕ್ಕಿನಲ್ಲಿ ಅಲ್ಟ್ರಾಸೌಂಡ್ ಶಾಖ, ಕೈ ಚಾಚಿ ಎಳೆಯುವ ಸ್ಟ್ರೆಚಿಂಗ್, ಮುಂದೋಳಿಗೊಂದು ಪಟ್ಟಿ. ನಾಲ್ಕು ಸಲ ಬಂದರು, ಆಮೇಲೆ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ.

ಅಕ್ಟೋಬರ್ ಕೊನೆಗೆ ತಾವಾಗಿಯೇ ಬಂದರು. ಬಲಗೈ ಹಿಡಿತ 6 ಕಿಲೋಗೆ ಇಳಿದಿತ್ತು. ಏನಾಯಿತು ಎಂದು ಕೇಳಿದಾಗ ಮೊದಲು ತಲೆ ತಗ್ಗಿಸಿ ಕೂತರು. ಐದು ದಿನ ನಿಜವಾಗಿಯೂ ರೊಟ್ಟಿ ಬಿಟ್ಟಿದ್ದರಂತೆ. ಆರನೇ ದಿನ ಒಂದು ಖಾನಾವಳಿಯವರು ಬೇರೆ ಕಡೆಯಿಂದ ರೊಟ್ಟಿ ತರಿಸಿಕೊಂಡದ್ದು ಗೊತ್ತಾಯಿತು. ಅವತ್ತಿನಿಂದಲೇ ಒಲೆ ಹೊತ್ತಿಸಿ, ಬಿಟ್ಟ ದಿನಗಳ ಕಂತು ತುಂಬಲು ದಿನಕ್ಕೆ 250 ಬಡಿದಿದ್ದರು.

"ನೀವು ಬಿಡು ಅಂದ್ರಿ. ಬಿಟ್ರ ನಡಿಯೂದಿಲ್ಲ. ಮಾಡಿ ಬಂದ್ರ ನೀವು ಬೈತೀರಿ ಅಂತ ಬರ್ಲಿಲ್ರೀ."

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಪಾಲಿಸಲಾಗದ ಸಲಹೆ ಕೊಟ್ಟು, ಪಾಲಿಸದ ಅಪರಾಧಭಾವವನ್ನೂ ಅವರ ತಲೆಗೇ ಕಟ್ಟಿದ್ದೆ. ಸಲಹೆ ವೈದ್ಯಕೀಯವಾಗಿಯೂ ಅರೆಬರೆಯದು. 1979ರಲ್ಲಿ ನರ್ಶಲ್ ಮತ್ತು ಪೆಟ್ರೋನ್ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ರಜ್ಜುಗಳನ್ನು ಪರೀಕ್ಷಿಸಿದಾಗ ಅವರಿಗೆ ಕಂಡದ್ದು ಉರಿಯೂತಕ್ಕಿಂತ ಹೆಚ್ಚಾಗಿ ಎಳೆತಪ್ಪಿದ ನಾರು ಮತ್ತು ಅಡ್ಡಾದಿಡ್ಡಿ ಬೆಳೆದ ರಕ್ತನಾಳಗಳು. ಇಂಥ ರಜ್ಜು ಸುಮ್ಮನೆ ಕೂತರೆ ನೋವು ಇಳಿದೀತು, ಬಲ ಬರದು. ಬಲ ಬರಲು ಅದಕ್ಕೆ ಭಾರ ಬೇಕು, ತಾಳುವಷ್ಟು, ದಿನದಿಂದ ದಿನಕ್ಕೆ ಲೆಕ್ಕವಿಟ್ಟು. ಐದು ದಿನ ಸೊನ್ನೆ, ಆರನೇ ದಿನ 250 ಎಂಬುದು ಅದಕ್ಕೆ ಮಾಡಬಹುದಾದ ಅತಿ ಕೆಟ್ಟ ಕೆಲಸ. ಆ ದಾರಿ ಹಿಡಿಸಿದ್ದು ನಾನು.

ಒಲೆಯ ಮುಂದೆ

ನಾಳೆ ಬೆಳಿಗ್ಗೆ ನಿಮ್ಮ ಮನೆಗೆ ಬರುತ್ತೇನೆ, ನೀವು ದಿನಾ ಮಾಡುವ ಹಾಗೇ ಮಾಡಿ ಎಂದೆ. ಬೆಳಗಿನ 5 ಗಂಟೆಗೆ ಹೋದಾಗ ಎಸರು ಕುದಿಯುತ್ತಿತ್ತು.

ಜೋಳದ ಹಿಟ್ಟಿಗೆ ಗೋದಿಯ ಹಾಗೆ ಹಿಗ್ಗುವ ಗುಣವಿಲ್ಲ. ಕುದಿಯುವ ನೀರು ಬಿದ್ದಾಗ ಬರುವ ಜಿಗಿ ಮತ್ತು ಅಂಗೈ ಬುಡದಿಂದ ಒತ್ತಿ ನಾದುವ ಬಲ, ಇವೆರಡರಿಂದಲೇ ರೊಟ್ಟಿ ಹರಿಯದೆ ನಿಲ್ಲುತ್ತದೆ. ಬೀಸಿಸಿ ದಿನ ಕಳೆದ ಹಿಟ್ಟಾದರೆ ಜಿಗಿ ಕಡಿಮೆ, ನಾದುವುದು ಹೆಚ್ಚು. ಅಕ್ಕ ಒಂದೇ ಸಲಕ್ಕೆ 5 ಕಿಲೋ ಹಿಟ್ಟು ಕಲಸುತ್ತಿದ್ದರು. ಅರ್ಧ ಮುಗಿಯುವಷ್ಟರಲ್ಲಿ ಹಿಟ್ಟು ಆರಿ ಬಿರುಸಾಗಿ, ಮತ್ತೆ ಮತ್ತೆ ನಾದಬೇಕಾಗುತ್ತಿತ್ತು.

ನಾನು ನೋಡಲು ಹೋದದ್ದು ಬಡಿತವನ್ನು. ಪಟಪಟ ಸದ್ದು, ತಿರುಗುವ ರೊಟ್ಟಿ, ನೋವಿನ ಮೂಲ ಅಲ್ಲೇ ಇದೆ ಎಂದು ಗಟ್ಟಿಯಾಗಿ ನಂಬಿದ್ದೆ. ಹತ್ತು ರೊಟ್ಟಿ ಆದರೂ ಅಕ್ಕನ ಮುಖದಲ್ಲಿ ಬದಲಾವಣೆ ಇಲ್ಲ. ಬಡಿಯುವಾಗ ಅಂಗೈ ಬಿಚ್ಚಿರುತ್ತದೆ, ಬೆರಳು ಏನನ್ನೂ ಹಿಡಿದಿರುವುದಿಲ್ಲ, ಕೈ ಭುಜದಿಂದ ಆಡುತ್ತದೆ. ಆದರೆ ಪ್ರತಿ ಸಲ ರೊಟ್ಟಿ ಹಂಚಿನ ಮೇಲೆ ಬಿದ್ದ ಮರುಗಳಿಗೆ ಅವರ ಹುಬ್ಬು ಗಂಟಾಗುತ್ತಿತ್ತು. ಆಗ ಬಲಗೈ ಎಲ್ಲಿರುತ್ತಿತ್ತು? ನೀರಿನ ಬೋಗುಣಿಯಲ್ಲಿ. ಅರಿವೆ ಅದ್ದಿ, ಒಂದೇ ಕೈಯಲ್ಲಿ ಹಿಂಡಿ, ಮೊಣಕೈ ಚಾಚಿ ರೊಟ್ಟಿಯ ಮೇಲೆ ನೀರು ಸವರುತ್ತಿದ್ದರು. ರೊಟ್ಟಿ ಉಬ್ಬಲು ಅದೇ ಅರಿವೆಯನ್ನು ಮುದ್ದೆ ಮಾಡಿ ಹಿಡಿದು ಅಂಚು ಒತ್ತುತ್ತಿದ್ದರು. ಎಣಿಸಿದೆ: 20 ರೊಟ್ಟಿಗೆ 31 ಸಲ ಹಿಂಡಿದ್ದರು. 200 ರೊಟ್ಟಿಗೆ 300 ದಾಟುತ್ತದೆ.

ಬಿಗಿಯಾಗಿ ಏನನ್ನಾದರೂ ಹಿಡಿದಾಗ ಮಣಿಕಟ್ಟು ಮುಂದಕ್ಕೆ ಮಡಚದಂತೆ ತಡೆಯುವುದು ಈ ಹಿಂದಿನ ಸ್ನಾಯುಗಳೇ. ಹಿಡಿತ ಬಿಗಿಯಾದಷ್ಟೂ ಗುಬ್ಬಿಯ ಮೇಲೆ ಎಳೆತ. ಅಂಗೈ ಕೆಳಮುಖ, ಮೊಣಕೈ ಚಾಚಿದ ಸ್ಥಿತಿಯಲ್ಲಿ ಅದು ಇನ್ನೂ ಹೆಚ್ಚು. ಚಾದ ಕಪ್ ಎತ್ತಲಾಗದ, ರೊಟ್ಟಿ ಬಡಿಯಬಲ್ಲ ಕೈಯ ಒಗಟು ಅಲ್ಲಿ ಬಿಚ್ಚಿಕೊಂಡಿತು. ಬಡಿಯುವುದನ್ನು ನಿಲ್ಲಿಸಬೇಕಾಗಿರಲಿಲ್ಲ. ಹಿಂಡುವುದನ್ನು ನಿಲ್ಲಿಸಬೇಕಿತ್ತು, ನಾದುವುದನ್ನು ಹಂಚಬೇಕಿತ್ತು.

ಅರಿವೆಯ ಬದಲು ಬ್ರಶ್ ಬಳಸಿ ಎಂದೆ. ಅಕ್ಕ ಒಪ್ಪಲಿಲ್ಲ. "ಬ್ರಶ್ಶಿಲೆ ಹಚ್ಚಿದ್ರ ನೀರು ಒಂದ ಕಡಿ ನಿಲ್ತಾವ್ರೀ, ರೊಟ್ಟಿ ಹರೀತೈತಿ." ದಾರಿ ಅವರೇ ಕಂಡುಹಿಡಿದರು. ಅಗಲ ತಾಟಿನಲ್ಲಿ ತೆಳ್ಳಗೆ ನೀರು ಹಾಕಿ, ಅರಿವೆಯನ್ನು ನಾಲ್ಕು ಮಡಿಕೆ ಮಾಡಿ ಅದರಲ್ಲಿ ಬರೀ ಒರಗಿಸಿ ತೆಗೆಯುವುದು. ಹಿಂಡುವ ಪ್ರಶ್ನೆಯೇ ಇಲ್ಲ. ಸವರುವುದು ಎಡಗೈಯಿಂದ. ಮೊದಲ ವಾರ ರೊಟ್ಟಿಗಳ ಮೇಲೆ ಹಿಟ್ಟಿನ ಕಲೆ ಉಳಿದವು, ಖಾನಾವಳಿಯವರು ಕೇಳಿದರು. ಎರಡನೇ ವಾರ ಎಡಗೈ ಕಲಿಯಿತು. ಹಿಟ್ಟು 2 ಕಿಲೋ ಮೀರದಂತೆ ಬಿಸಿಬಿಸಿ ಕಲಸುವುದು, ಒಂದು ಸಲ ಸೊಸೆ, ಒಂದು ಸಲ ಅತ್ತೆ. ಕೂರಲು ಎತ್ತರದ ಮಣೆ, ಮೈಭಾರ ಭುಜದಿಂದ ನೇರ ಅಂಗೈಗೆ ಇಳಿಯುವಂತೆ.

ಮುಂದೋಳಿನ ಪಟ್ಟಿಯ ಕಥೆಯೂ ಅಲ್ಲೇ ತಿಳಿಯಿತು. ನೋವಿರುವ ಗುಬ್ಬಿಯ ಮೇಲೆಯೇ ಅದನ್ನು ಬಿಗಿದು ಕಟ್ಟಿಕೊಂಡಿದ್ದರು. ಗುಬ್ಬಿಯಿಂದ ಎರಡು ಬೆರಳು ಕೆಳಗೆ, ಸ್ನಾಯುವಿನ ಉಬ್ಬಿನ ಮೇಲೆ ಇರಬೇಕಾದದ್ದು. ಸರಿ ಕಟ್ಟಿ ತೋರಿಸಿದೆ. ಒಲೆಯ ಸೆಕೆಗೆ ಅದು ನಿಲ್ಲಲಿಲ್ಲ, ನಾನೂ ಒತ್ತಾಯಿಸಲಿಲ್ಲ.

ಲೆಕ್ಕ ಮತ್ತು ಬಾಟಲಿ

ನವೆಂಬರ್ ಮೊದಲ ವಾರ ಹೊಸದಾಗಿ ಶುರು. ದಿನಕ್ಕೆ 90 ರೊಟ್ಟಿ, 30ರ ಮೂರು ಕಂತು, ನಡುವೆ ಅರ್ಧ ಗಂಟೆ ಬಿಡುವು. ಉಳಿದದ್ದನ್ನು ಸೊಸೆ ಬಡಿಯಬೇಕು. ಎರಡರಲ್ಲಿ ಒಂದು ಖಾನಾವಳಿಯೊಂದಿಗೆ ಮಗ ಹೋಗಿ ಮಾತಾಡಿ, ಒಂದು ತಿಂಗಳು ಕಡಿಮೆ ಕೊಡುವುದಾಗಿ ಒಪ್ಪಿಸಿ ಬಂದ. ಈ ಮಾತುಕತೆಯನ್ನು ನಾನು ಚಿಕಿತ್ಸೆಯ ಭಾಗವೆಂದೇ ಎಣಿಸುತ್ತೇನೆ.

ವ್ಯಾಯಾಮಕ್ಕೆ ನೀರಿನ ಬಾಟಲಿ ಸಾಕಾಯಿತು. ಮುಂದೋಳು ಕಟ್ಟೆಯ ಮೇಲಿಟ್ಟು, ಅಂಗೈ ಕೆಳಮುಖ ಮಾಡಿ, ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಮಣಿಕಟ್ಟು ಅಲ್ಲಾಡದಂತೆ 30ರಿಂದ 45 ಸೆಕೆಂಡ್ ನಿಲ್ಲಿಸುವುದು, ಐದು ಸಲ. ಎರಡು ವಾರದ ನಂತರ ಚಲನೆ: ಮೂರು ಎಣಿಸುವಷ್ಟು ಹೊತ್ತಿಗೆ ಮೇಲೆ, ನಾಲ್ಕು ಎಣಿಸುವಷ್ಟು ಹೊತ್ತಿಗೆ ಕೆಳಗೆ, 12 ಸಲದ ಮೂರು ಸುತ್ತು, ದಿನ ಬಿಟ್ಟು ದಿನ. ಸುಲಭವಾದಾಗ ಬಾಟಲಿಗೆ ಇನ್ನಷ್ಟು ನೀರು. ಭುಜಕ್ಕೂ ಕೆಲಸ ಕೊಟ್ಟೆ, ಬಾಗಿಲ ಚಿಲಕಕ್ಕೆ ಕಟ್ಟಿದ ಹಳೆಯ ಸೈಕಲ್ ಟ್ಯೂಬ್ ಎಳೆಯುವುದು. ಕ್ಲಿನಿಕ್ಕಿನಲ್ಲಿ ವಾರಕ್ಕೊಮ್ಮೆ ಮುಂದೋಳನ್ನು ಹೊರಮಗ್ಗುಲಿಗೆ ಸರಿಸಿ ಹಿಡಿದು ಮುಷ್ಟಿ ಕಟ್ಟಿಸುವ ಮಲ್ಲಿಗನ್ ತಂತ್ರ. ಮೊದಲ ಸಲ ಮಾಡಿದಾಗ ನೋವಿಲ್ಲದ ಹಿಡಿತ ಆ ಕ್ಷಣಕ್ಕೆ 6ರಿಂದ 11ಕ್ಕೆ ಏರಿತು. ಅದು ನಿಲ್ಲುವ ಲಾಭವಲ್ಲ ಎಂದು ಗೊತ್ತಿತ್ತು. ಆದರೂ ತನ್ನ ಕೈಯಲ್ಲಿ ಬಲ ಸತ್ತಿಲ್ಲ ಎಂದು ಅಕ್ಕ ಕಣ್ಣಾರೆ ನೋಡಿದ್ದು ದೊಡ್ಡದಾಯಿತು.

ಹತ್ತಕ್ಕೆ ಎಷ್ಟು ನೋವು ಎಂದರೆ ಅಕ್ಕ ದಿನಕ್ಕೊಂದು ಸಂಖ್ಯೆ ಹೇಳುತ್ತಿದ್ದರು. ಒಂದು ದಿನ ತಾವೇ "ಇವತ್ತ ನಾಕಾಣೆ ಐತ್ರೀ" ಎಂದರು. ಅಂದಿನಿಂದ ಅದೇ ಅಳತೆ. ನಾಕಾಣೆ ನೋವಿದ್ದರೆ ಮಾಡಬಹುದು. ಎಂಟಾಣೆಗೆ ಬಂದರೆ ಆ ಕಂತು ನಿಲ್ಲಿಸಬೇಕು. ಮರುದಿನ ಬೆಳಿಗ್ಗೆ ಏಳುವಾಗ ನಿನ್ನೆಗಿಂತ ಹೆಚ್ಚಿದ್ದರೆ ಅವತ್ತು 20 ರೊಟ್ಟಿ ಕಡಿಮೆ. ಸೊಸೆ ಕ್ಯಾಲೆಂಡರಿನ ಮೇಲೆ ರೊಟ್ಟಿಯ ಲೆಕ್ಕವನ್ನೂ ಆಣೆಯನ್ನೂ ಬರೆದಿಡುತ್ತಿದ್ದಳು.

ಡಿಸೆಂಬರ್ ನಡುವಿಗೆ ದಿನಕ್ಕೆ 135 ರೊಟ್ಟಿ, ಹಿಡಿತ 15 ಕಿಲೋ, ನೋವು ಹೆಚ್ಚೆಂದರೆ ನಾಕಾಣೆ.

ಜಾತ್ರೆ

ಕೊಪ್ಪಳದವರಿಗೆ ಪುಷ್ಯ ಮಾಸವೆಂದರೆ ಗವಿಸಿದ್ಧೇಶ್ವರ ಜಾತ್ರೆ. ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರ್, ಚಕ್ಕಡಿಗಳಲ್ಲಿ ರೊಟ್ಟಿ ಬರುತ್ತದೆ, ಲಕ್ಷಗಟ್ಟಲೆ. ಓಣಿ ಓಣಿಯ ಹೆಂಗಸರು ಕೂಡಿ ಬಡಿಯುತ್ತಾರೆ. ಅಕ್ಕ ಮದುವೆಯಾಗಿ ಬಂದಾಗಿನಿಂದ ಒಂದು ವರ್ಷವೂ ತಪ್ಪಿಸಿಲ್ಲ.

"ಅಜ್ಜಾರ ಜಾತ್ರಿಗೆ ರೊಟ್ಟಿ ಕೊಡಲಾರ್ದ ಹೆಂಗಿರ್ಲಿರೀ?"

ಬೇಡ ಎನ್ನಬಹುದಿತ್ತು. ಸೆಪ್ಟೆಂಬರ್‌ನಲ್ಲಿ ಬೇಡ ಎಂದದ್ದರ ಫಲ ನನ್ನ ಕಣ್ಣ ಮುಂದಿತ್ತು. ದಾಸೋಹಕ್ಕೆ ಹೋಗುವುದು ಖಡಕ್ ರೊಟ್ಟಿ, ಒಣಗಿಸಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಹಾಗಾಗಿ ಅಕ್ಕನ ಪಾಲಿನ 600 ರೊಟ್ಟಿಯನ್ನು ಕೊನೆಯ ಎರಡು ದಿನಕ್ಕೆ ಬಿಡದೆ 24 ದಿನಕ್ಕೆ ಹರಡಿದೆವು. ದಿನಕ್ಕೆ 25. ಅಷ್ಟು ದಿನ ಖಾನಾವಳಿಯ ರೊಟ್ಟಿ 120ಕ್ಕೆ ಇಳಿಕೆ, ಬಾಟಲಿಯ ಸುತ್ತು ಮೂರರ ಬದಲು ಎರಡು.

21 ದಿನ ಲೆಕ್ಕ ತಪ್ಪಲಿಲ್ಲ. ಕೊನೆಯ ಮೂರು ದಿನ ಉಳಿದಾಗ ಓಣಿಯ ಒಬ್ಬರು ಮಗಳ ಹೆರಿಗೆಗೆಂದು ಊರು ಬಿಟ್ಟರು. ಅವರ ಪಾಲೂ ಅಕ್ಕನ ಮೇಲೆ ಬಿತ್ತು. ದಿನಕ್ಕೆ 250, 280. ಅವಸರದಲ್ಲಿ ಅರಿವೆ ಮತ್ತೆ ಬಲಗೈಗೆ ಬಂದಿತ್ತು. ನನ್ನ ಯೋಜನೆಯಲ್ಲಿ ಒಬ್ಬರು ಕಡಿಮೆಯಾದರೆ ಏನು ಎಂಬ ಪ್ರಶ್ನೆಯೇ ಇರಲಿಲ್ಲ. ಅದನ್ನು ಕೇಳಬೇಕಾದವಳು ನಾನು.

ತೇರು ಎಳೆದ ಮೂರನೇ ದಿನ ಅಕ್ಕ ಬಂದರು. ಹನ್ನೆರಡಾಣೆ ನೋವು, ಹಿಡಿತ 9. ಕೂರುತ್ತಲೇ ಕೇಳಿದ್ದು ಇಂಜೆಕ್ಷನ್. 12 ದಿನಕ್ಕೆ ಒಂದು ಮದುವೆಯ ಆರ್ಡರ್ ಹಿಡಿದಿದ್ದರು.

ಈ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಕಷ್ಟವಾದ ಗಂಟೆ ಅದು. ಇಂಜೆಕ್ಷನ್ ಕೆಲಸ ಮಾಡುವುದಿಲ್ಲ ಎಂದರೆ ಸುಳ್ಳಾಗುತ್ತದೆ, ಅವರೇ ಅನುಭವಿಸಿದ್ದಾರೆ. 2002ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ನೆದರ್ಲೆಂಡ್ಸ್‌ನ ಅಧ್ಯಯನದಲ್ಲಿ 185 ಜನರಿದ್ದರು. ಆರು ವಾರಕ್ಕೆ ಇಂಜೆಕ್ಷನ್ ಪಡೆದವರಲ್ಲಿ 100ಕ್ಕೆ 92 ಜನ ಸುಧಾರಿಸಿದ್ದರು, ಫಿಸಿಯೋಥೆರಪಿಯವರಲ್ಲಿ 47. ವರ್ಷ ತುಂಬಿದಾಗ ಲೆಕ್ಕ ತಿರುಗಿತ್ತು: ಇಂಜೆಕ್ಷನ್‌ನವರು 69, ಫಿಸಿಯೋಥೆರಪಿಯವರು 91, ಏನೂ ಮಾಡದೆ ಕಾದವರೂ 83. 2013ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ 165 ಜನರ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಸ್ಟೀರಾಯ್ಡ್ ಪಡೆದವರಲ್ಲಿ 100ಕ್ಕೆ 54 ಜನರಿಗೆ ನೋವು ಮರಳಿತ್ತು, ಔಷಧವಿಲ್ಲದ ಖಾಲಿ ಇಂಜೆಕ್ಷನ್ ಪಡೆದವರಲ್ಲಿ 12 ಜನರಿಗೆ.

ಇದನ್ನೆಲ್ಲ ರೊಟ್ಟಿಯ ಮಾತಿನಲ್ಲಿ ಹೇಳಿದೆ. 100 ಹೆಂಗಸರು ಸೂಜಿ ಹಾಕಿಸಿಕೊಂಡರೆ 92 ಜನ ಈ ಮದುವೆಗೆ ರೊಟ್ಟಿ ಬಡಿಯುತ್ತಾರೆ. ಮುಂದಿನ ಜಾತ್ರೆಗೆ ಚಲೋ ಕೈ ಉಳಿಯುವುದು 69 ಜನರಿಗೆ. ಅಕ್ಕ ಬಹಳ ಹೊತ್ತು ಸುಮ್ಮನಿದ್ದು, ಕ್ಯಾಲೆಂಡರಿನ ಹಾಳೆ ತೆಗೆದರು. ಮೇ, ಜೂನ್ ತಿಂಗಳು ಏನಾಗಿತ್ತು ಎಂದು ಸೊಸೆಗೆ ತಾವೇ ವಿವರಿಸತೊಡಗಿದರು.

ಮೊದಲು ಅವರನ್ನು ನೋಡಿದ್ದ ಮೂಳೆ ವೈದ್ಯರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಎರಡು ವಾರ ಕಾಯೋಣ, ಇಳಿಯದಿದ್ದರೆ ಸ್ಕ್ಯಾನ್ ಮಾಡಿ ಮುಂದಿನದು ಯೋಚಿಸೋಣ ಎಂದು ಅವರೂ ಒಪ್ಪಿದರು. ಮದುವೆಯ ಆರ್ಡರ್ ಓಣಿಯ ಇನ್ನೊಬ್ಬರಿಗೆ ಹೋಯಿತು. ಆ ದುಡ್ಡು ಹೋದದ್ದು ನಿಜವಾದ ನಷ್ಟ. ಆ ತಿಂಗಳ ನನ್ನ ಫೀ ಮುಂದಕ್ಕೆ ಹಾಕಿದೆ.

ಈ ಸಲ ಪೂರ್ತಿ ವಿಶ್ರಾಂತಿ ಹೇಳಲಿಲ್ಲ. ದಿನಕ್ಕೆ 60 ರೊಟ್ಟಿ, ಬಾಟಲಿ ಅಲ್ಲಾಡಿಸದೆ ಹಿಡಿಯುವ ಮೊದಲಿನ ವ್ಯಾಯಾಮ ಮಾತ್ರ. 11ನೇ ದಿನ ನಾಕಾಣೆಗೆ ಇಳಿಯಿತು. ಏಪ್ರಿಲ್‌ನಿಂದ ಜೂನ್‌ವರೆಗೆ ಇಂಜೆಕ್ಷನ್‌ಗಳ ನಡುವೆ ಏರಿಳಿದ ನೋವನ್ನು ಕಂಡಿದ್ದ ಅಕ್ಕನಿಗೆ, ಏರಿದ ನೋವು ಸೂಜಿ ಇಲ್ಲದೆಯೂ ಇಳಿಯುತ್ತದೆ ಎಂಬುದು ಹೊಸ ಸುದ್ದಿ.

ನಂತರ

ಫೆಬ್ರವರಿ ಕೊನೆಗೆ 150 ರೊಟ್ಟಿ, ಹಿಡಿತ 18. ಏಪ್ರಿಲ್‌ನಲ್ಲಿ 23. ಜೂನ್‌ನಲ್ಲಿ ಬಲಗೈ 26, ಎಡಗೈ 27, ಪ್ರಶ್ನಾವಳಿಯಲ್ಲಿ 64 ಇದ್ದದ್ದು 11. ಬಿಳಿಚಿದ ಚರ್ಮ ಬಹುಮಟ್ಟಿಗೆ ಬಣ್ಣ ತುಂಬಿಕೊಂಡಿತ್ತು. ಈಗ ದಿನಕ್ಕೆ 170 ರೊಟ್ಟಿಯಲ್ಲಿ ನಿಂತಿದ್ದಾರೆ, ಅದಕ್ಕಿಂತ ಮೇಲಿನದು ಸೊಸೆಯದು. ಕಂಬಳಿ ಹಿಂಡಿದರೆ ಇವತ್ತಿಗೂ ಎರಡಾಣೆ ನೋವು ಬರುತ್ತದೆ.

ಟೆನಿಸ್ ಎಲ್ಬೋ ಬಹುಪಾಲು ಜನರಲ್ಲಿ ಒಂದು ಒಂದೂವರೆ ವರ್ಷದಲ್ಲಿ ತಾನಾಗಿಯೇ ಇಳಿಯುತ್ತದೆ. ಆದ್ದರಿಂದ ಈ ಗುಣವೆಲ್ಲ ನನ್ನ ಬಾಟಲಿಯದೇ ಎಂದು ಹೇಳಲಾರೆ. ಆದರೆ ಅರಿವೆ ಎಡಗೈಗೆ ಹೋದಾಗ ನೋವು ಇಳಿದದ್ದು, ಜಾತ್ರೆಯ ಮೂರು ದಿನ ಬಲಗೈಗೆ ಮರಳಿದಾಗ ಏರಿದ್ದು ಕ್ಯಾಲೆಂಡರಿನಲ್ಲಿ ದಿನಾಂಕ ಸಮೇತ ಇದೆ. ನನ್ನ ಕೇಸ್ ಶೀಟ್ ಬದಲಾಗಿದೆ. ಉದ್ಯೋಗ ಎಂಬ ಕಲಂನಲ್ಲಿ ಒಂದು ಪದ ಬರೆದು ಮುಂದಕ್ಕೆ ಹೋಗುವುದಿಲ್ಲ. ಮನೆಗೆ ಹೋಗಲಾಗದಿದ್ದರೆ ಕೆಲಸ ಮಾಡುವಾಗಿನ ಎರಡು ನಿಮಿಷದ ವಿಡಿಯೋ ಮಗನ ಫೋನಿನಲ್ಲಿ ತರಿಸುತ್ತೇನೆ. ಯಾವುದು ನೋಯುತ್ತದೆ ಎಂಬುದರ ಜೊತೆಗೆ ಯಾವುದು ನೋಯುವುದಿಲ್ಲ ಎಂದೂ ಕೇಳಿ ಬರೆದುಕೊಳ್ಳುತ್ತೇನೆ.

ಈ ವರ್ಷ ಅಕ್ಕನ ಓಣಿಯಲ್ಲಿ ಜಾತ್ರೆಯ ರೊಟ್ಟಿ ಒಂದು ತಿಂಗಳು ಮುಂಚೆಯೇ ಶುರುವಾಗಿದೆ. ಯಾರಾದರೂ ಊರಿಗೆ ಹೋದರೆ ಅವರ ಪಾಲು ಬಡಿಯಲು ಇಬ್ಬರು ಹೆಚ್ಚಿನವರನ್ನು ಮೊದಲೇ ಗೊತ್ತು ಮಾಡಿದ್ದಾರೆ. ಅಕ್ಕನ ಪಾಲು ದಿನಕ್ಕೆ 20. ನಾದುವ ಕೆಲಸ ಪೂರ್ತಿ ಸೊಸೆಯದು.